ತೆಂಗಿನ ಅಣಬೆ ರೋಗ

ಗ್ಯಾನೊಡರ್ಮ ಎಂಬ ಶಿಲೀಂಧ್ರದಿಂದ ತೆಂಗಿನ ಬುಡ ಮತ್ತು ಬೇರು ಕೊಳೆಯುವ ರೋಗ. ತಮಿಳುನಾಡಿನಲ್ಲಿ 1952ರಲ್ಲಿ ಮೊದಲು ಗುರುತಿಸಿದ್ದು ತಂಜಾವೂರಿನಲ್ಲಿ, ಹಾಗಾಗಿ ಇದಕ್ಕೆ ತಂಜಾವೂರು ಸೊರಗು ರೋಗ ಎಂಬ ಹೆಸರೂ ಉಂಟು. ವಿಶ್ವೇಶ್ವರಯ್ಯ ನಾಲೆಯ ನೀರುಣ್ಣುವ ಮಂಡ್ಯ ಸೀಮೆಯಲ್ಲಿ, ಎಳನೀರು ಮಾರುಕಟ್ಟೆಗೆ ಹೆಸರಾದ ಮದ್ದೂರಿನಲ್ಲಿ, ಪಕ್ಕದ ಮಳವಳ್ಳಿಯಲ್ಲಿ ತೆಂಗು ಮನೆಮನೆಯ ಆದಾಯ. ಹಾಗಾಗಿ ಈ ರೋಗದ ಗುರುತು ತಿಳಿದಿರಬೇಕು.

ಬುಡದಲ್ಲಿ ಅಣಬೆ ಏಳಲೆಂದು ಕಾಯುತ್ತ ಕೂತರೆ ಕೆಟ್ಟಂತೆಯೇ. ಅದು ಕಾಣುವುದು ಕೊನೆಗೆ, ಕೆಲವು ಮರಗಳಲ್ಲಿ ಕಾಣುವುದೇ ಇಲ್ಲ. ಮೊದಲು ಕೆಳಗಿನ ಗರಿಗಳು ಹಳದಿಯಾಗಿ ಕಾಂಡಕ್ಕೆ ಜೋತುಬೀಳುತ್ತವೆ, ಹರಳು ಉದುರುತ್ತವೆ, ಬುಡದ ಬಿರುಕಿನಿಂದ ಕೆಂಗಂದು ರಸ ಒಸರುತ್ತದೆ. ಕಾಂಡ ಸೋರುವ ರೋಗದಲ್ಲೂ ರಸ ಬರುತ್ತದಾದರೂ ಅದರಲ್ಲಿ ಅಣಬೆ ಏಳುವುದಿಲ್ಲ. ಗ್ಯಾನೊಡರ್ಮದ ಅಣಬೆ ಬೀಸಣಿಗೆಯಾಕಾರದ್ದು, ಮರದಷ್ಟೇ ಗಟ್ಟಿ. ಮೇಲ್ಮೈ ವಾರ್ನಿಶ್ ಬಳಿದಂತೆ ಕೆಂಗಂದು, ಅಂಚು ಬಿಳಿ. ಅಡಿಯಲ್ಲಿ ಪದರಗಳಿಲ್ಲ, ಸೂಜಿಮೊನೆಯಷ್ಟು ರಂಧ್ರಗಳು. ಅವುಗಳಿಂದ ಉದುರಿದ ಕಂದು ಪುಡಿ ಕೈಗೆ ಕೋಕೋ ಪುಡಿಯಂತೆ ಅಂಟುತ್ತದೆ.

ಇದು ಬಿಳಿ ಕೊಳೆಯ ಶಿಲೀಂಧ್ರ. ಮರಕ್ಕೆ ಬಿಗಿ ಕೊಡುವ ಲಿಗ್ನಿನ್ನನ್ನೂ ನಾರಾದ ಸೆಲ್ಯುಲೋಸನ್ನೂ ಕರಗಿಸುತ್ತದೆ. ಕೊಳೆತ ಭಾಗ ಹಗುರಾಗಿ, ನಾರುನಾರಾಗಿ ಹಿಂಜಿಕೊಳ್ಳುತ್ತದೆ. ಇನ್ನೊಂದು ಬಗೆಯಾದ ಕಂದು ಕೊಳೆಯಲ್ಲಾದರೆ ಲಿಗ್ನಿನ್ ಉಳಿದು ಮರ ಚೌಕಚೌಕವಾಗಿ ಸೀಳುತ್ತದೆ. ತೆಂಗಿನ ಗಟ್ಟಿತನವೆಲ್ಲ ಹೊರಸುತ್ತಿನಲ್ಲಿ ಇರುವುದರಿಂದ ಒಳಬುಡ ಟೊಳ್ಳಾದರೂ ಮರ ನಿಂತೇ ಇರುತ್ತದೆ, ಗಾಳಿಮಳೆಗೆ ಉರುಳುವವರೆಗೆ. ಅಂಥ ಬುಡದ ತುಂಡು ತೊಲೆಗೆ ಬಾರದು.

ಸತ್ತ ಮರವನ್ನು ಬೊಡ್ಡೆ, ಬೇರು ಸಮೇತ ಕಿತ್ತು ಸುಡಬೇಕು. ರೋಗ ಮಣ್ಣಿನೊಳಗೆ ಬೇರಿನಿಂದ ಬೇರಿಗೆ ದಾಟುತ್ತದೆ, ಆದ್ದರಿಂದ ರೋಗ ತಗುಲಿದ ಮರದ ಸುತ್ತ ಕಂದಕ ತೋಡುವುದು, ಬೇವಿನ ಹಿಂಡಿಯೊಡನೆ ಟ್ರೈಕೋಡರ್ಮ ಎಂಬ ಉಪಕಾರಿ ಶಿಲೀಂಧ್ರ ಹಾಕುವುದು ರೂಢಿ.