ಸಂಬಳದ ಲೆಕ್ಕದಲ್ಲಿ ಇಲ್ಲದವರು

ಇಂಗ್ಲೆಂಡಿನ ನ್ಯಾರೋಬೋಟ್ ರೀಲ್ಸ್ ನೀವೂ ನೋಡಿರ್ತೀರಿ. ಹಸಿರು ದಡದ ನಡುವೆ ಕಾಲುವೆ, ನಿಧಾನಕ್ಕೆ ಸಾಗೋ ಉದ್ದನೆ ದೋಣಿ, ಬಾಗಿಲ ಮೇಲೆ ಗುಲಾಬಿ ಹೂವು, ಕೋಟೆಗಳ ಚಿತ್ರ. ಒಳಗೆ ಪುಟ್ಟ ಒಲೆ, ಮಡಚಿಡೋ ಮಂಚ. ಎಂಥಾ ಬದುಕಪ್ಪಾ ಅಂತ ನಾನೂ ಲೈಕ್ ಒತ್ತಿದ್ದೆ. ಆಮೇಲೆ ಇತಿಹಾಸ ಓದಿದೆ. ಬಿ.ಕಾಂ ಮಾಡಿದ ನನ್ನ ಕಣ್ಣಿಗೆ ಬಿದ್ದಿದ್ದು ಮಾತ್ರ ಬೇರೆಯದೇ ಒಂದು ಲೆಕ್ಕ.

1761ಕ್ಕೆ ಹೋಗೋಣ. ಡ್ಯೂಕ್ ಆಫ್ ಬ್ರಿಜ್‌ವಾಟರ್ ಅನ್ನೋ ಶ್ರೀಮಂತನಿಗೆ ವರ್ಸ್ಲಿಯಲ್ಲಿ ಕಲ್ಲಿದ್ದಲು ಗಣಿ ಇತ್ತು. ಮಾಲು ಮ್ಯಾಂಚೆಸ್ಟರ್‌ಗೆ ಹೋಗಬೇಕು, ರಸ್ತೆಗಳೋ ಬರೀ ಕೆಸರು. ಕುದುರೆ ಬೆನ್ನ ಮೇಲೆ ಹೇರಿದರೆ ಒಂದು ಕ್ವಿಂಟಾಲ್ ಚಿಲ್ಲರೆ. ಅದೇ ಕುದುರೆಗೆ ದೋಣಿ ಕಟ್ಟಿ ಕಾಲುವೆ ದಡದಲ್ಲಿ ನಡೆಸಿದರೆ 25 ಟನ್ ಎಳೆಯುತ್ತೆ! ಜೇಮ್ಸ್ ಬ್ರಿಂಡ್ಲಿ ಅನ್ನೋ ಎಂಜಿನಿಯರ್ ಇರ್ವೆಲ್ ನದಿಯ ಮೇಲೆ ಸೇತುವೆ ಕಟ್ಟಿ, ಅದರ ಮೇಲೇ ಕಾಲುವೆ ಹರಿಸಿದ. ಮ್ಯಾಂಚೆಸ್ಟರ್‌ನಲ್ಲಿ ಕಲ್ಲಿದ್ದಲ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಮುಂದೆ 1777ರಲ್ಲಿ ಟ್ರೆಂಟ್ ಮತ್ತು ಮರ್ಸಿ ನದಿಗಳನ್ನು ಜೋಡಿಸೋ ಕಾಲುವೆ ಪೂರ್ಣವಾಯಿತು. ಏರು ತಗ್ಗು ದಾಟೋಕೆ ಲಾಕ್‌ಗಳಿದ್ದವು. ಅಂದ್ರೆ ಎರಡೂ ಕಡೆ ಗೇಟಿರುವ ತೊಟ್ಟಿ. ನೀರು ತುಂಬಿದರೆ ದೋಣಿ ಮೇಲಕ್ಕೆ, ಬಿಟ್ಟರೆ ಕೆಳಕ್ಕೆ. ಖರ್ಚು, ನೀರು ಎರಡೂ ಉಳೀಲಿ ಅಂತ ಹೆಚ್ಚಿನ ಲಾಕ್‌ಗಳನ್ನು ಸುಮಾರು 7 ಅಡಿ ಅಗಲಕ್ಕೇ ನಿಲ್ಲಿಸಿದರು. ಹಾಗಾಗಿ ದೋಣಿಯೂ 70 ಅಡಿ ಉದ್ದ, 7 ಅಡಿಯೊಳಗಿನ ಅಗಲ.

ಆಮೇಲೆ ರೈಲು ಬಂತು. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲುಮಾರ್ಗ ಶುರುವಾಯಿತು, ಮುಂದಿನ ದಶಕಗಳಲ್ಲಿ ಕಾಲುವೆಯ ಬಾಡಿಗೆ ದರ ಕುಸಿಯಿತು. ದೋಣಿಯವನಿಗೆ ಸಿಗ್ತಿದ್ದಿದ್ದು ಸಾಗಿಸಿದ ಮಾಲಿನ ಲೆಕ್ಕದಲ್ಲಿ ದುಡ್ಡು, ಕಾದು ಕೂತ ದಿನಕ್ಕಲ್ಲ. ಅವನು ಏನು ಮಾಡಬೇಕು? ಮನೆ ಬಾಡಿಗೆ ಉಳಿಸೋಕೆ ಸಂಸಾರವನ್ನೇ ದೋಣಿಗೆ ತಂದ. ಆಳಿನ ಸಂಬಳ ಉಳಿಸೋಕೆ ಹೆಂಡತಿ ಚುಕ್ಕಾಣಿ ಹಿಡಿದಳು, ಮಕ್ಕಳು ಕುದುರೆ ಹೊಡೆದರು, ಲಾಕ್ ತೆಗೆದರು. ಮೊದಲೂ ಕೆಲವರು ಹೀಗಿದ್ದರು, ಈಗ ಇದೇ ರೂಢಿಯಾಯಿತು. ಮಾಲಿಗೆ 50 ಅಡಿ ಜಾಗ ಬೇಕು. ಇಡೀ ಸಂಸಾರಕ್ಕೆ ಉಳಿದಿದ್ದು ಸುಮಾರು 10 ಅಡಿಯ ಕ್ಯಾಬಿನ್.

ಇವತ್ತು ಒಂದೂರು, ನಾಳೆ ಇನ್ನೊಂದೂರು. ಮಕ್ಕಳು ಯಾವ ಶಾಲೆಗೆ ಹೋಗೋದು? ಜಾರ್ಜ್ ಸ್ಮಿತ್ ಅನ್ನೋರು ಹೋರಾಡಿದ ಮೇಲೆ 1877ರಲ್ಲಿ ಕಾನೂನು ಬಂತು. ದೋಣಿ ನೋಂದಣಿ ಆಗಬೇಕು, ಕ್ಯಾಬಿನ್‌ನಲ್ಲಿ ಇಷ್ಟೇ ಜನ ಮಲಗಬೇಕು ಅಂತಾಯ್ತು. ಆದರೂ ಎಷ್ಟೋ ಮಕ್ಕಳು ಓದು ಬರಹ ಇಲ್ಲದೇ ಬೆಳೆದರು.

1948ರಲ್ಲಿ ಹೆಚ್ಚಿನ ಕಾಲುವೆಗಳು ಸರ್ಕಾರದ ಕೈಗೆ ಬಂದವು. 1962–63ರ ಚಳಿಗಾಲದಲ್ಲಿ ನೀರು ವಾರಗಟ್ಟಲೆ ಹೆಪ್ಪುಗಟ್ಟಿ, ಅಳಿದುಳಿದ ವ್ಯಾಪಾರವೂ ಬಹುಪಾಲು ನಿಂತುಹೋಯಿತು. ಈಗ ಅದೇ ಕಾಲುವೆಗಳಲ್ಲಿ ರಜೆ ಕಳೆಯೋ ಜನ.

ಕಾಲೇಜಲ್ಲಿ ಪ್ರಾಜೆಕ್ಟ್‌ಗೆ ಅಂತ ನಮ್ಮ ಕಿರಾಣಿ ಅಂಗಡಿಯ ಲೆಕ್ಕ ಬರೆದಿದ್ದೆ. ಲಾಭ ಚೆನ್ನಾಗೇ ಬಂದಿತ್ತು. ದಿನಾ ಮಧ್ಯಾಹ್ನ ಅಪ್ಪ ಊಟಕ್ಕೆ ಹೋದಾಗ ಗಲ್ಲಾದಲ್ಲಿ ಕೂರ್ತಿದ್ದಿದ್ದು ಅಮ್ಮ. ಸಂಜೆ ಸಕ್ಕರೆ ಪೊಟ್ಟಣ ಕಟ್ತಿದ್ದಿದ್ದು ನಾನು, ತಂಗಿ. ಸಂಬಳದ ಸಾಲಲ್ಲಿ ನಾನೇ ಬರೆದಿದ್ದೆ: ಸೊನ್ನೆ.

ಆ ರೀಲ್ಸ್ ಈಗಲೂ ನೋಡ್ತೀನಿ. ಆದರೆ ಕಣ್ಣು ಮೊದಲು ಹೋಗೋದು ಚುಕ್ಕಾಣಿ ಕಡೆಗೆ.