ತಂತ್ರಾಂಶದ ನಕ್ಷೆ: ಒಂದು ಪಾಠ ನಡೆದು ಬಂದ ದಾರಿ

ತಂತ್ರಾಂಶ ವಿಷಯವನ್ನು ಕಾಲೇಜಿನಲ್ಲಿ ಓದಿದ ಹೆಚ್ಚಿನವರಿಗೆ ಗ್ರಂಥಾಲಯದ ಪ್ರಶ್ನೆ ನೆನಪಿರುತ್ತದೆ. ಒಂದು ಗ್ರಂಥಾಲಯದ ವ್ಯವಹಾರಕ್ಕೆ ಗಣಕಯಂತ್ರದಲ್ಲಿ ವ್ಯವಸ್ಥೆ ಮಾಡಬೇಕು, ಅದರ ಮಾದರಿಯನ್ನು ರಚಿಸಿ ಎಂಬುದು ಆ ಪ್ರಶ್ನೆ. 'ಪುಸ್ತಕ' ಎಂದೊಂದು ಚೌಕ, 'ಸದಸ್ಯ' ಎಂದೊಂದು ಚೌಕ, ನಡುವೆ ಒಂದು ಗೆರೆ. ಹಲವರ ಉತ್ತರ ಅಲ್ಲಿಗೇ ಮುಗಿಯುತ್ತದೆ.

ಆಗ ಗ್ರಂಥಪಾಲಕರು ಬಂದು ಹೀಗೆ ಕೇಳಿದರೆಂದು ಭಾವಿಸೋಣ: "ನಮ್ಮಲ್ಲಿ ಕುಮಾರವ್ಯಾಸ ಭಾರತದ ಐದು ಪ್ರತಿಗಳಿವೆ. ನಾಲ್ಕನ್ನು ಓದುಗರು ಒಯ್ದಿದ್ದಾರೆ, ಐದನೆಯದು ರಟ್ಟು ಕಿತ್ತು ಬೈಂಡಿಂಗಿಗೆ ಹೋಗಿದೆ. ವಿದ್ಯಾರ್ಥಿನಿಯೊಬ್ಬಳು ಅದನ್ನು ತನಗಾಗಿ ಕಾದಿರಿಸಿ ಎನ್ನುತ್ತಿದ್ದಾಳೆ. ಐದರಲ್ಲಿ ಯಾವುದನ್ನು ಅವಳ ಹೆಸರಿಗೆ ಬರೆದುಕೊಳ್ಳಲಿ?" ಅವಳಿಗೆ ಬೇಕಾದದ್ದು ಕೃತಿ, ಇಂಥದೇ ಪ್ರತಿ ಎಂಬ ಹಟವಿಲ್ಲ. ಆದರೆ ಮನೆಗೆ ಒಯ್ಯುವುದು ಪ್ರತಿಯನ್ನು, ದಂಡ ಬೀಳುವುದೂ ಪ್ರತಿಯ ಮೇಲೆ. 'ಪುಸ್ತಕ' ಎಂಬ ಒಂದೇ ಮಾತಿನೊಳಗೆ ಎರಡು ವಸ್ತುಗಳು ಅಡಗಿದ್ದವು. ಅವನ್ನು ಬೇರ್ಪಡಿಸಿ ಕಾಣುವುದೇ ಮಾದರಿ ರಚನೆಯ ತಿರುಳು. ಗೆರೆ ಎಳೆಯುವುದು ಆಮೇಲಿನ ಕೆಲಸ. ಈ ಮಾತನ್ನು ವಿಶ್ವವಿದ್ಯಾಲಯಗಳು ಕಲಿಯಲು, ಕಲಿಸಲು ಪಟ್ಟ ಪಾಡೇ ನಮ್ಮ ಇಂದಿನ ವಿಷಯ.

ಕಥೆ ಆರಂಭವಾಗುವುದು ಫ್ಲೋಚಾರ್ಟಿನಿಂದ. 1947ರಲ್ಲಿ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಹರ್ಮನ್ ಗೋಲ್ಡ್‌ಸ್ಟೈನ್ ಮತ್ತು ಜಾನ್ ಫಾನ್ ನಾಯ್ಮನ್ ಅವರು ಲೆಕ್ಕವೊಂದು ಯಂತ್ರದೊಳಗೆ ಸಾಗುವ ಹಾದಿಯನ್ನು ಚಿತ್ರದಲ್ಲಿ ತೋರಿಸುವ ಕ್ರಮವನ್ನು ಮುಂದಿಟ್ಟರು. ನಮ್ಮ ದೇಶದಲ್ಲಿ ಈ ಪಾಠ ಬೇರೂರಿದ್ದು ಕಾನ್ಪುರದ ಐಐಟಿಯಲ್ಲಿ. 1963ರಲ್ಲಿ ಅಲ್ಲಿಗೆ ಐಬಿಎಂ 1620 ಯಂತ್ರ ಬಂದಿತು. ಪ್ರೊ. ವಿ. ರಾಜಾರಾಮನ್ ಮೊದಲಾದವರು ವಿದ್ಯಾರ್ಥಿಗಳಿಗೆ ಪ್ರೋಗ್ರಾಂ ಬರೆಯುವುದನ್ನು ಕಲಿಸತೊಡಗಿದರು. ಯಂತ್ರದ ಸಮಯ ದುಬಾರಿಯಾಗಿದ್ದ ಕಾಲವದು. ಕಾರ್ಡುಗಳಲ್ಲಿ ರಂಧ್ರ ಕೊರೆಸಿ, ಕೊಟ್ಟು, ಫಲಿತಾಂಶಕ್ಕೆ ಕಾಯಬೇಕಾಗಿತ್ತು. ಆದ್ದರಿಂದ ಕಾಗದದ ಮೇಲೆ ಮೊದಲೇ ಯೋಚಿಸುವುದು ಅನಿವಾರ್ಯವಾಗಿತ್ತು. 1982ರಲ್ಲಿ ರಾಜಾರಾಮನ್ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಇಂದು ಊರೂರಿನ ಕಾಲೇಜುಗಳಲ್ಲಿರುವ ಎಂಸಿಎ ಪದವಿಯ ರೂಪರೇಖೆಯ ಹಿಂದೆಯೂ ಅವರ ಶ್ರಮವಿದೆ.

ಆದರೆ ಫ್ಲೋಚಾರ್ಟಿಗೆ ಒಂದು ಮಿತಿಯಿತ್ತು. ಮೊದಲು ಏನು, ನಂತರ ಏನು ಎಂಬುದನ್ನು ಅದು ಹೇಳುತ್ತಿತ್ತು. ಯಾವ ವಸ್ತು, ಯಾವುದಕ್ಕೆ ಏನು ಸಂಬಂಧ ಎಂಬುದನ್ನು ಹೇಳುತ್ತಿರಲಿಲ್ಲ. ಪ್ರೋಗ್ರಾಂಗಳು ದೊಡ್ಡವಾದಂತೆ ಈ ಕೊರತೆ ಎದ್ದು ಕಂಡಿತು. 1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನೇಟೋ ಆಶ್ರಯದಲ್ಲಿ ಸೇರಿದ ತಜ್ಞರು ತಂತ್ರಾಂಶದ ಬಿಕ್ಕಟ್ಟನ್ನು ಬಹಿರಂಗವಾಗಿ ಚರ್ಚಿಸಿದರು. 'ಸಾಫ್ಟ್‌ವೇರ್ ಎಂಜಿನಿಯರಿಂಗ್' ಎಂಬ ಹೆಸರು ವ್ಯಾಪಕ ಬಳಕೆಗೆ ಬಂದದ್ದು ಆ ಸಭೆಯಿಂದ.

ಪರಿಹಾರಗಳು ಬೇರೆ ಬೇರೆ ದಿಕ್ಕಿನಿಂದ ಬಂದವು. ನಾರ್ವೆಯ ಓಲೆ-ಯೋಹಾನ್ ದಾಲ್ ಮತ್ತು ಕ್ರಿಸ್ಟನ್ ನ್ಯೂಗೋರ್ ಅವರು 1967ರ ಸಿಮ್ಯುಲಾ ಭಾಷೆಯಲ್ಲಿ ಹೊರಜಗತ್ತಿನ ವಸ್ತುಗಳನ್ನೇ ಪ್ರೋಗ್ರಾಮಿನ ಘಟಕಗಳನ್ನಾಗಿ ಮಾಡಿದರು. 1976ರಲ್ಲಿ ಪೀಟರ್ ಚೆನ್ ಅವರು ವಸ್ತು ಮತ್ತು ಸಂಬಂಧಗಳ ಚಿತ್ರವನ್ನು ಕೊಟ್ಟರು. ಇಸ್ರೇಲಿನ ಡೇವಿಡ್ ಹರೆಲ್ ಅವರ ಅನುಭವವಂತೂ ಮನನೀಯ. 1980ರ ದಶಕದ ಆರಂಭದಲ್ಲಿ ಅವರು ಯುದ್ಧವಿಮಾನವೊಂದರ ಎಂಜಿನಿಯರುಗಳಿಗೆ ಸಲಹೆಗಾರರಾಗಿ ಹೋದರು. ವಿಮಾನದ ವಿವರ ದಪ್ಪ ದಪ್ಪ ದಾಖಲೆಗಳಲ್ಲಿತ್ತು. ಆದರೆ ಇಂಥ ಸ್ಥಿತಿಯಲ್ಲಿ ಈ ಗುಂಡಿ ಒತ್ತಿದರೆ ಏನಾಗುತ್ತದೆ ಎಂಬ ಪ್ರಶ್ನೆಗೆ ಖಚಿತ ಉತ್ತರ ಸುಲಭವಾಗಿ ಸಿಗುತ್ತಿರಲಿಲ್ಲ. ಅವರ ಪ್ರಸಿದ್ಧ ಸ್ಥಿತಿನಕ್ಷೆಗಳು ಹುಟ್ಟಿದ್ದು ಆ ಪ್ರಶ್ನೆಗಳಿಂದ.

1990ರ ದಶಕದ ಆರಂಭಕ್ಕೆ ನಕ್ಷೆಯ ಪದ್ಧತಿಗಳು ಹತ್ತಾರಾದವು. ಒಬ್ಬರ ಚೌಕ ಇನ್ನೊಬ್ಬರಿಗೆ ಮೋಡದ ಆಕಾರ! ಗ್ರೇಡಿ ಬೂಚ್, ಜೇಮ್ಸ್ ರಂಬಾ, ಇವಾರ್ ಯಾಕೋಬ್‌ಸನ್ ಎಂಬ ಮೂವರು ಒಂದೇ ಸಂಸ್ಥೆಯಲ್ಲಿ ಕೂಡಿ ತಮ್ಮ ಪದ್ಧತಿಗಳನ್ನು ಒಂದುಗೂಡಿಸಿದರು. ಹೀಗೆ ಬಂದ ಯುಎಂಎಲ್ 1997ರ ನವೆಂಬರಿನಲ್ಲಿ ಅಂಗೀಕೃತ ಮಾನದಂಡವಾಯಿತು.

ತರಗತಿಗಳಿಗೆ ಇದು ವರವೂ ಹೌದು, ತೊಡಕೂ ಹೌದು. ಎಲ್ಲೆಡೆ ಅರ್ಥವಾಗುವ ಒಂದು ಲಿಪಿ ಸಿಕ್ಕಿತು. ಆದರೆ ಲಿಪಿಯನ್ನು ಕಲಿಸಿ ಅಂಕ ಕೊಡುವುದು ಸುಲಭ, ವಿಚಾರವನ್ನು ಕಲಿಸಿ ಅಂಕ ಕೊಡುವುದು ಕಷ್ಟ. ಬಾಣದ ತುದಿ ಟೊಳ್ಳೋ ತುಂಬಿದ್ದೋ ಎಂಬುದು ಪರೀಕ್ಷೆಯ ಪ್ರಶ್ನೆಯಾಯಿತು. ಪ್ರಾಜೆಕ್ಟ್ ವರದಿಯ ಹೊತ್ತಿಗೆ ವಿದ್ಯಾರ್ಥಿಗಳು ಮೊದಲು ಪ್ರೋಗ್ರಾಂ ಬರೆದು ಮುಗಿಸಿ, ಆಮೇಲೆ ಅದಕ್ಕೆ ಹೊಂದುವ ನಕ್ಷೆ ಬಿಡಿಸುವುದು ಸಾಮಾನ್ಯವಾಯಿತು. ಮನೆ ಕಟ್ಟಿ, ಗೃಹಪ್ರವೇಶವನ್ನೂ ಮುಗಿಸಿ, ನಂತರ ಪ್ಲಾನ್ ಬರೆಸಿದಂತೆ!

ಇದು ಬರಿಯ ಅಂಕದ ಮಾತಲ್ಲ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ, ಮೇಲೇರಿ ಒಂದು ನಿಮಿಷ ಕಳೆಯುವ ಮೊದಲೇ, ಛಿದ್ರವಾಯಿತು. ಅದರ ದಿಕ್ಕು ತಿಳಿಸುವ ಉಪಕರಣದ ತಂತ್ರಾಂಶವನ್ನು ಹಿಂದಿನ ಏರಿಯಾನ್ 4ರಿಂದ ಎತ್ತಿಕೊಳ್ಳಲಾಗಿತ್ತು. ಅಡ್ಡ ದಿಕ್ಕಿನ ವೇಗಕ್ಕೆ ಸಂಬಂಧಿಸಿದ ಸಂಖ್ಯೆಯೊಂದು ಇಂತಿಷ್ಟನ್ನು ಮೀರದು ಎಂಬ ಎಣಿಕೆ ಹಳೆಯ ರಾಕೆಟ್ಟಿಗೆ ಸರಿಯಾಗಿತ್ತು. ಹೊಸ ರಾಕೆಟ್ಟಿನ ಪಥ ಬೇರೆ. ಆ ಪಥದ ವಿವರ ಉಪಕರಣಕ್ಕೆ ಬರೆದ ಅಗತ್ಯಗಳ ಪಟ್ಟಿಯಲ್ಲೇ ಇರಲಿಲ್ಲ. 64 ಬಿಟ್‌ಗಳ ಸಂಖ್ಯೆ 16 ಬಿಟ್‌ಗಳ ಜಾಗದಲ್ಲಿ ಹಿಡಿಸಲಿಲ್ಲ. ಹಳೆಯ ಎಣಿಕೆ ಹೊಸ ರಾಕೆಟ್ಟಿಗೆ ಒಪ್ಪುತ್ತದೆಯೇ ಎಂದು ಯಾರೂ ಒರೆಗೆ ಹಚ್ಚಿ ನೋಡಿರಲಿಲ್ಲ.

ಹಾಗಾದರೆ ಪ್ರಶ್ನೆ ಕೇಳುವುದನ್ನು ಕಲಿಸುವುದು ಹೇಗೆ? ಆಕ್ಸ್‌ಫರ್ಡ್‌ನಲ್ಲಿ ಬೆಳೆದ ಜೆಡ್ ಪದ್ಧತಿ ಮಾದರಿಯನ್ನು ಗಣಿತದ ಭಾಷೆಯಲ್ಲಿ ಬರೆಯಿಸಿತು. ಎಂಐಟಿಯ ಡೇನಿಯಲ್ ಜಾಕ್‌ಸನ್ ಮತ್ತು ಸಂಗಡಿಗರು ರೂಪಿಸಿದ ಅಲಾಯ್ ಎಂಬ ಸಾಧನ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ವಿದ್ಯಾರ್ಥಿ ಬರೆದ ಮಾದರಿಯನ್ನು ಅದು ಎರಡೋ ಮೂರೋ ವಸ್ತುಗಳ ಸಣ್ಣ ಪ್ರಪಂಚದಲ್ಲಿ ಎಲ್ಲ ರೀತಿಯಿಂದಲೂ ಜೋಡಿಸಿ ನೋಡುತ್ತದೆ. ಒಂದು ಪ್ರತಿ ಏಕಕಾಲಕ್ಕೆ ಇಬ್ಬರ ಕೈಯಲ್ಲಿ ಇರಬಾರದೆಂಬ ನಿಯಮವನ್ನು ವಿದ್ಯಾರ್ಥಿ ಬರೆಯಲು ಮರೆತಿದ್ದಾನೆಂದುಕೊಳ್ಳಿ. ತನ್ನ ಮಾದರಿಯಲ್ಲಿ ಹಾಗೆ ಆಗಲಾರದೆಂದು ಅವನು ಸಾಧಿಸಹೊರಟರೆ, ಯಂತ್ರ ಒಂದೇ ಪ್ರತಿಯನ್ನು ಹಿಡಿದ ಇಬ್ಬರು ಸದಸ್ಯರನ್ನು ಚಿತ್ರಿಸಿ ಮುಂದಿಡುತ್ತದೆ. ಅಧ್ಯಾಪಕರ ಕೆಂಪು ಶಾಯಿಗಿಂತ ಈ ಚಿತ್ರ ಬೇಗ ನಾಟುತ್ತದೆ.

ವೀಕ್ಷಕರೇ, ಸಾಧನಗಳು ಬದಲಾಗುತ್ತ ಬಂದಿವೆ. ಈಗಂತೂ ಪ್ರೋಗ್ರಾಮನ್ನೇ ಯಂತ್ರ ಬರೆದುಕೊಡುವ ಕಾಲ ಬಂದಿದೆ. ಆದರೆ ಪುಸ್ತಕ ಎಂದರೆ ಕೃತಿಯೋ ಪ್ರತಿಯೋ ಎಂಬುದನ್ನು ತೀರ್ಮಾನಿಸಬೇಕಾದವರು ಗ್ರಂಥಾಲಯವನ್ನು ಬಲ್ಲವರೇ. ನಕ್ಷೆ ಬಿಡಿಸಲು ಕಲಿಸುವ ಮೊದಲು ವಿದ್ಯಾರ್ಥಿಗಳನ್ನು ಒಂದು ದಿನ ಗ್ರಂಥಪಾಲಕರ ಮೇಜಿನ ಬಳಿ ಕೂರಿಸಿದರೆ, ಪಾಠದ ಅರ್ಧ ಭಾಗ ಅಲ್ಲೇ ಮುಗಿದಿರುತ್ತದೆ.