ಅಭಿವೃದ್ಧಿ ಸಂವಹನ (ಕರ್ನಾಟಕ)

ಆರೋಗ್ಯ, ಕೃಷಿ, ನೀರು, ಶಿಕ್ಷಣದಂಥ ಯೋಜನೆಗಳ ತಿಳಿವಳಿಕೆಯನ್ನು ಜನರಿಗೆ ಮುಟ್ಟಿಸುವ, ಜನರ ಮಾತನ್ನು ಯೋಜನೆ ನಡೆಸುವವರಿಗೆ ತಲುಪಿಸುವ, ಎರಡನ್ನೂ ಪತ್ರಿಕೆ, ಬಾನುಲಿ, ದೂರದರ್ಶನಗಳ ಗಮನಕ್ಕೆ ತರುವ ಕೆಲಸಕ್ಕೆ ಅಭಿವೃದ್ಧಿ ಸಂವಹನ ಎಂದು ಹೆಸರು. ಈ ಹೆಸರನ್ನು 1971ರಲ್ಲಿ ಬಳಕೆಗೆ ತಂದವರು ಫಿಲಿಪೀನ್ಸ್‌ನ ವಿದ್ವಾಂಸೆ ನೋರಾ ಕೆಬ್ರಾಲ್. ಕೆಲಸ ಮಾತ್ರ ಅದಕ್ಕಿಂತ ಹಳೆಯದು. ಕರ್ನಾಟಕದಲ್ಲಿ ಅಂತರರಾಷ್ಟ್ರೀಯ ಸಂಸ್ಥೆಗಳು ಮೊದಲು ಜನರಿಗೆ ಹೇಳುವುದನ್ನು ಕಲಿತವು, ಕೇಳಿಸಿಕೊಳ್ಳುವುದನ್ನು ಬಹಳ ತಡವಾಗಿ ಕಲಿತವು.

ಆರಂಭ

ಈ ಕೆಲಸದ ಒಂದು ಆರಂಭವನ್ನು ಇಂದಿನ ಚಿಕ್ಕಮಗಳೂರು ಜಿಲ್ಲೆಯಲ್ಲಿ ಕಾಣಬಹುದು. ಅಲ್ಲಿನ ಅಜ್ಜಂಪುರ, ತರೀಕೆರೆ, ಕಡೂರು ತಾಲ್ಲೂಕುಗಳು ಮೈಸೂರು ಸಂಸ್ಥಾನದ ಕಾಲದಲ್ಲಿ ಕಡೂರು ಜಿಲ್ಲೆಗೆ ಸೇರಿದ್ದವು. ಅದಕ್ಕೆ ಚಿಕ್ಕಮಗಳೂರು ಜಿಲ್ಲೆ ಎಂಬ ಹೆಸರು ಬಂದದ್ದು 1947ರಲ್ಲಿ. ಹೊರದೇಶದ ಸಂಸ್ಥೆಯೊಂದು ಸಾರ್ವಜನಿಕ ಆರೋಗ್ಯದ ಕೆಲಸಕ್ಕೆ ಈ ಜಿಲ್ಲೆಗೆ ಬಂದ ಆರಂಭದ ನಿದರ್ಶನ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ್ದು. 1920ರ ದಶಕದ ಕೊನೆಯಲ್ಲಿ ಅದು ಮೈಸೂರು ಸರ್ಕಾರದ ಜೊತೆಗೂಡಿ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆಯಿತು. ಅವುಗಳಲ್ಲಿ ಒಂದು ಮಲೆನಾಡಿನ ಮೂಡಿಗೆರೆಯಲ್ಲಿತ್ತು. ಕೊಕ್ಕೆಹುಳು ರೋಗದ ಬಗ್ಗೆ 1920ರಲ್ಲೇ ಮೂಕಿ ಚಿತ್ರ ಮಾಡಿಸಿದ್ದ ಈ ಸಂಸ್ಥೆಗೆ ಪ್ರಚಾರವೂ ಚಿಕಿತ್ಸೆಯಷ್ಟೇ ಮುಖ್ಯವಾಗಿತ್ತು. ಆದರೆ ಆ ಪ್ರಚಾರದಲ್ಲಿ ತಿಳಿದವರು ಹೇಳಬೇಕು, ತಿಳಿಯದವರು ಕೇಳಬೇಕು. ಮರುಮಾತಿಗೆ ಎಡೆ ಇರಲಿಲ್ಲ.

ಬಾನುಲಿ

ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ಆರಂಭಿಸಿದರು. ಆದರೆ ಬಾನುಲಿ ಹಳ್ಳಿಯ ಚರ್ಚೆಗೆ ಇಳಿದದ್ದು 1956ರಲ್ಲಿ. ಕೆನಡಾದ ಮಾದರಿಯನ್ನು ಅನುಸರಿಸಿ, ಯುನೆಸ್ಕೊ ನೆರವಿನೊಡನೆ, ಪುಣೆ ಆಕಾಶವಾಣಿ 150 ಹಳ್ಳಿಗಳಲ್ಲಿ ರೈತ ಬಾನುಲಿ ಕೂಟಗಳನ್ನು ನಡೆಸಿತು. ಒಂದು ರೇಡಿಯೊ ಸುತ್ತ ಇಪ್ಪತ್ತರಷ್ಟು ಜನ ಕೂರುತ್ತಿದ್ದರು. ಕಾರ್ಯಕ್ರಮ ಮುಗಿದ ಮೇಲೆ ಅದರ ಬಗ್ಗೆ ತಮ್ಮೊಳಗೆ ಚರ್ಚಿಸಿ, ಉಳಿದ ಸಂದೇಹಗಳನ್ನು ನಿಲಯಕ್ಕೆ ಬರೆದು ಕಳಿಸುತ್ತಿದ್ದರು. 1959ರಿಂದ ಈ ಪದ್ಧತಿಯನ್ನು ದೇಶಕ್ಕೆಲ್ಲ ವಿಸ್ತರಿಸಲಾಯಿತು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಅಜ್ಜಂಪುರ, ತರೀಕೆರೆ ಕಡೆಯವರಿಗೆ ಹತ್ತಿರದ ನಿಲಯವಾಯಿತು.

ಉಪಗ್ರಹ ದೂರದರ್ಶನ

1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ 'ಸೈಟ್' ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿ.ವಿ. ಬಂತು. ಉಪಗ್ರಹ ಅಮೆರಿಕದ ನಾಸಾದ್ದು, ಭೂಮಿಯ ಮೇಲಿನ ವ್ಯವಸ್ಥೆ ಇಸ್ರೋದ್ದು, ಕಾರ್ಯಕ್ರಮಗಳ ಮುಖ್ಯ ಹೊಣೆ ಆಕಾಶವಾಣಿಯದು. ಕರ್ನಾಟಕದಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನು ಆರಿಸಲಾಗಿತ್ತು. ಶಾಲೆ ಅಥವಾ ಪಂಚಾಯಿತಿ ಕಟ್ಟಡದ ಬಳಿ, ಕೋಳಿಗೂಡಿಗೆ ಹಾಕುವಂಥ ತಂತಿಬಲೆಯ ಮೂರು ಮೀಟರ್ ಅಗಲದ ಆಂಟೆನಾ. ಬೆಳಿಗ್ಗೆ ಒಂದೂವರೆ ಗಂಟೆ ಶಾಲಾ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ಊರಿಗೆಲ್ಲ. ಪ್ರಯೋಗ ಮುಗಿದ ಮರುವರ್ಷ, 1977ರಲ್ಲಿ, ಗುಲ್ಬರ್ಗದಲ್ಲಿ ದೂರದರ್ಶನ ಕೇಂದ್ರ ಬಂತು. ಸಾಧನ ಬೆರಗು ಹುಟ್ಟಿಸುವಂಥದ್ದೇ. ಆದರೆ ಪರದೆಯ ಮುಂದೆ ಕೂತ ಹಳ್ಳಿಯವರಿಗೆ ಅದರ ಮೂಲಕ ತಿರುಗಿ ಮಾತಾಡಲು ದಾರಿ ಇರಲಿಲ್ಲ.

ನಮ್ಮ ಧ್ವನಿ

ಆ ದಾರಿ ತೆರೆದದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಬಾನಲೆಗಳು ಸಾರ್ವಜನಿಕ ಸ್ವತ್ತು ಎಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತ್ತು. ಮರುವರ್ಷ ಸಮುದಾಯ ಬಾನುಲಿಗೆ ಅವಕಾಶ ಕೊಡಬೇಕೆಂದು ಕೋರುವ ಬೆಂಗಳೂರು ಘೋಷಣೆ ಹೊರಬಿತ್ತು. ಟಿಬೆಟಿನ ನಿರಾಶ್ರಿತರ ಪುನರ್ವಸತಿಗೆಂದು 1968ರಲ್ಲಿ ಹುಟ್ಟಿದ ಮೈರಾಡ, ಬೆಂಗಳೂರಿನ ಮಾಧ್ಯಮ ಸಂಸ್ಥೆ ವಾಯ್ಸಸ್ ಮತ್ತು ಯುನೆಸ್ಕೊ ಕೂಡಿ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ'ಯನ್ನು ಕಟ್ಟಿದವು. ಮೊದಲು ಕಾರ್ಯಕ್ರಮಗಳನ್ನು ಧ್ವನಿಮುದ್ರಿಸಿ ಸ್ವಸಹಾಯ ಸಂಘಗಳ ಸಭೆಯಲ್ಲಿ ಕೇಳಿಸುತ್ತಿದ್ದರು. ಗಾಳಿಯಲ್ಲಿ ಪ್ರಸಾರಕ್ಕೆ ಆಗ ಪರವಾನಗಿ ಸಿಗುತ್ತಿರಲಿಲ್ಲ. ಅದಕ್ಕೆ ಸ್ಥಳೀಯ ಕೇಬಲ್ ಟಿ.ವಿ.ಯ ತಂತಿಯಲ್ಲೇ ಧ್ವನಿಯನ್ನು ಮನೆಮನೆಗೆ ಹರಿಸುವ ಉಪಾಯ ಹೂಡಿದರು. ಸಂಘದ ಹೆಂಗಸರು ಮೈಕು ಹಿಡಿದು ತಮ್ಮ ಊರಿನ ನೀರು, ಆರೋಗ್ಯ, ಬೆಳೆಯ ವಿಷಯ ಮಾತಾಡಿದರು. ಸ್ವಯಂಸೇವಾ ಸಂಸ್ಥೆಗಳಿಗೂ ಸಮುದಾಯ ಬಾನುಲಿ ನಡೆಸಲು ಕೇಂದ್ರ ಸರ್ಕಾರ ಅವಕಾಶ ಕೊಟ್ಟದ್ದು 2006ರ ನವೆಂಬರ್‌ನಲ್ಲಿ.

ಮುದ್ರಣದಲ್ಲೂ ಇದೇ ತಿರುವು ಕಾಣುತ್ತದೆ. 1988ರಲ್ಲಿ ಪುತ್ತೂರಿನಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಪೆನ್ನು ಕೊಟ್ಟಿತು. ಬೆಂಗಳೂರಿನ ಎಎಂಇ ಪ್ರತಿಷ್ಠಾನ ಹೊರತರುವ 'ಲೀಸಾ ಇಂಡಿಯಾ'ದ ಬೇರು ನೆದರ್‌ಲ್ಯಾಂಡ್ಸ್‌ನ ಸಂಸ್ಥೆಯೊಂದರ ಪತ್ರಿಕೆಯಲ್ಲಿದೆ. ಇಂಗ್ಲಿಷ್ ಆವೃತ್ತಿಯ ಜೊತೆಗೆ ಅದು ಕನ್ನಡದಲ್ಲೂ ಬಂದಿದೆ.

ವಿಶ್ವಬ್ಯಾಂಕ್ ನೆರವಿನ ಯೋಜನೆಗಳು

2001ರಲ್ಲಿ ಆರಂಭವಾದ 'ಸುಜಲ' ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ನಡೆಯಿತು. ಬದು ಹಾಕುವ ಮೊದಲು ಊರು ಒಪ್ಪಬೇಕು; ಆದ್ದರಿಂದ ಬೀದಿ ನಾಟಕ, ಜಾಥಾ, ಗೋಡೆಬರಹ, ಗ್ರಾಮಸಭೆ ಇಂಥ ಯೋಜನೆಗಳ ನಿತ್ಯದ ಕೆಲಸವಾದವು. 2012ರ 'ಸುಜಲ-3' ವ್ಯಾಪ್ತಿಗೆ ಬಂದ 11 ಜಿಲ್ಲೆಗಳಲ್ಲಿ ಚಿಕ್ಕಮಗಳೂರೂ ಒಂದು. ಇದರ ವಿಶೇಷ ಎಲ್‌ಆರ್‌ಐ (ಭೂಸಂಪನ್ಮೂಲ ಸಮೀಕ್ಷೆ) ಕಾರ್ಡು. ಹೊಲದ ಮಣ್ಣಿನ ಆಳ, ಗುಣ, ಪೋಷಕಾಂಶ, ಅದಕ್ಕೆ ಒಗ್ಗುವ ಬೆಳೆ ಇಷ್ಟನ್ನೂ ಸರ್ವೆ ನಂಬರಿನ ಮಟ್ಟಕ್ಕೆ ಇಳಿಸಿ ರೈತನ ಕೈಗೆ ಕೊಡುವ ಕಾಗದವಿದು. ಅಜ್ಜಂಪುರದ ಬಯಲಿನಂಥ ಈರುಳ್ಳಿ ಸೀಮೆಯ ರೈತನಿಗೆ ಉಪಗ್ರಹದ ಚಿತ್ರಕ್ಕಿಂತ ತನ್ನ ಸರ್ವೆ ನಂಬರಿನ ಹಾಳೆಯೇ ಬೇಗ ಅರ್ಥವಾಗುತ್ತದೆ.

ವೃತ್ತಿಯ ಸ್ವರೂಪ

ಅಭಿವೃದ್ಧಿ ಯೋಜನೆ ನಡೆಸುವ ಸಂಸ್ಥೆಗಳ ಸಂವಹನಾಧಿಕಾರಿ ಪತ್ರಿಕಾ ಹೇಳಿಕೆ ಬರೆಯುತ್ತಾನೆ, ಸುದ್ದಿಗೋಷ್ಠಿ ಕರೆಯುತ್ತಾನೆ, ವರದಿಗಾರರನ್ನು ಹಳ್ಳಿಗೆ ಕರೆದೊಯ್ಯುತ್ತಾನೆ, ಹಣ ಕೊಟ್ಟವರಿಗೆ ಯಶೋಗಾಥೆ ಸಿದ್ಧಪಡಿಸುತ್ತಾನೆ. ಕಚೇರಿಯ ಕಾಗದವೆಲ್ಲ ಇಂಗ್ಲಿಷಿನಲ್ಲಿ, ಹಳ್ಳಿಯ ಮಾತೆಲ್ಲ ಕನ್ನಡದಲ್ಲಿ. ನಡುವೆ ಅನುವಾದದ ಹೊರೆ ದೊಡ್ಡದು. ಕಚೇರಿ ಹೊರರಾಜ್ಯದಲ್ಲೂ ಇರಬಹುದು: ಕರ್ನಾಟಕವನ್ನು ನೋಡಿಕೊಳ್ಳುವ ಯುನಿಸೆಫ್ ಕ್ಷೇತ್ರ ಕಚೇರಿ ಇರುವುದು ಹೈದರಾಬಾದಿನಲ್ಲಿ. ಯಶೋಗಾಥೆಗೆ ಬೇಡಿಕೆ ಹೆಚ್ಚು, ಸೋತ ಚೆಕ್‌ಡ್ಯಾಮಿನ ಕಥೆಯನ್ನು ಕೇಳುವವರು ಕಡಿಮೆ ಎಂಬುದು ಈ ವೃತ್ತಿಯ ಹಳೆಯ ಕೊರತೆ. ಫೋಟೊ ತೆಗೆಯುವ ಮುನ್ನ, ಹೆಸರು ಹಾಕುವ ಮುನ್ನ ಒಪ್ಪಿಗೆ ಪಡೆಯುವುದು ಈಗ ನಿಯಮವಾಗಿದೆ.

ತೊಂಬತ್ತು ವರ್ಷಗಳ ಈ ಚರಿತ್ರೆಯಲ್ಲಿ ಮೂಕಿ ಚಿತ್ರ, ರೇಡಿಯೊ, ಉಪಗ್ರಹ, ಕೇಬಲ್, ಕಾರ್ಡು ಒಂದಾದ ಮೇಲೊಂದು ಬಂದವು. ಇವುಗಳಲ್ಲಿ ಜನರ ಮಾತು ಜನರಿಂದಲೇ ಹೊರಟದ್ದು ಅಗ್ಗದ ಸಾಧನವೊಂದರಲ್ಲಿ, ಬೂದಿಕೋಟೆಯ ಕೇಬಲ್ ತಂತಿಯಲ್ಲಿ.